ಹನ್ನೊಂದೂವರೆ ಸುತ್ತು

"ನೀರು ಓಡ್ತಿದೆ," ಎಂದಳು ಸೂಜಿ, ಕಬ್ಬಿಣದ ಮುಚ್ಚಳಕ್ಕೆ ಒತ್ತಿದ ಕಿವಿಯನ್ನು ತೆಗೆಯದೆಯೇ. "ಈಗ, ನಮ್ಮ ಕಾಲಡಿಯಲ್ಲೇ."

ಎಂಜಿನಿಯರ್ ಸಾಹೇಬರು ಇಸ್ತ್ರಿ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಎತ್ತಿ ಹಿಡಿದು, ಧೂಳು ತಾಗದಷ್ಟು ದೂರದಲ್ಲಿ ನಿಂತಿದ್ದರು. ಹಳೆಯ ಗಿರಣಿಯ ಹಿಂಗೋಡೆ, ಗೋಡೆಯ ಬುಡದಲ್ಲಿ ಮುಳ್ಳುಗಿಡ, ಗಿಡದ ಮರೆಯಲ್ಲಿ ಈ ಮುಚ್ಚಳ. ಊರಿನ ನೀರಿನ ನಕ್ಷೆಯಲ್ಲಿ ಅರವತ್ತನಾಲ್ಕು ವಾಲ್ವ್ ಗುಂಡಿಗಳಿವೆ. ಇದು ಅರವತ್ತೈದನೆಯದು.

ಸೂಜಿ ಎನ್ನುವುದು ನೀರು ಸರಬರಾಜು ಕಚೇರಿಯವರು ಈ ವಿಚಾರಣಾಧಿಕಾರಿಗೆ ಬೆನ್ನ ಹಿಂದೆ ಇಟ್ಟ ಹೆಸರು. ಚುಚ್ಚುತ್ತಾಳಂತೆ. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಊರಿನ ನೀರುಗಂಟಿ ಅಜ್ಜ ನೀರು ಕದ್ದು ಟ್ಯಾಂಕರಿನವರಿಗೆ ಮಾರುತ್ತಾನೆಂದು ಅಮಾನತಾಗಿ ಆರು ದಿನ. ಇವತ್ತು ಸಂಜೆ ನಾಲ್ಕಕ್ಕೆ ವಿಚಾರಣೆ, ಇವಳ ವರದಿಯ ಮೇಲೆ ತೀರ್ಪು. ಅಜ್ಜನ ನಿವೃತ್ತಿಗೆ ಉಳಿದದ್ದು ಇಪ್ಪತ್ತೊಂಬತ್ತು ದಿನ. ಕಳ್ಳ ಎಂದು ಬರೆದರೆ ಮೂವತ್ತೊಂಬತ್ತು ವರ್ಷದ ಕೆಲಸವೂ ಪಿಂಚಣಿಯೂ ಮಾನವೂ ಒಟ್ಟಿಗೇ ತೊಳೆದುಹೋಗುತ್ತವೆ.

"ಸಿಕ್ಕಿಬಿತ್ತಲ್ಲ ಮೇಡಂ!" ಎಂಜಿನಿಯರ್ ಮುಖದಲ್ಲಿ ಹಾಲು ಕುಡಿದಷ್ಟು ಸಂತೋಷ. "ಬೇಲಿಯೇ ಎದ್ದು ಹೊಲ ಮೇಯ್ತು ಅಂತ ನಾನು ಮೊದಲೇ ಹೇಳಿರಲಿಲ್ವಾ? ಮುಚ್ಚಿಬಿಡೋಣ."

"ಬೇಡ ಸಾರ್. ತೆರೆದವರು ಮುಚ್ಚೋಕೆ ಬರಲೇಬೇಕು. ಟ್ಯಾಂಕಿನ ಮೀಟರ್ ಪ್ರಕಾರ ನೀರು ದಿನಾ ಒಂಬತ್ತೂವರೆಗೆ ನಿಲ್ಲುತ್ತೆ, ಅಲ್ಲಿ ತನಕ ಕಾಯೋಣ."

ಇಬ್ಬರೂ ಗೋಡೆಯ ಮರೆಯಲ್ಲಿ ಕಾದರು. ಬಂದದ್ದು ಒಂದು ಆಡು ಮಾತ್ರ. ಅದೂ ಎಂಜಿನಿಯರ್ ಕೈಯಲ್ಲಿದ್ದ ನಕ್ಷೆಯ ಮೂಲೆಗೆ ಬಾಯಿ ಹಾಕಿ, ಬೈಸಿಕೊಂಡು ಹೋಯಿತು.

ಒಂಬತ್ತೂವರೆಯಾಯಿತು. ಯಾರೂ ಬರಲಿಲ್ಲ.

"ಈಗ ಮುಚ್ಚಿ. ನೀವೇ ತಿರುಗಿಸಿ, ಎಣಿಸಿಕೊಂಡು," ಎಂದಳು ಸೂಜಿ.

ಮುಚ್ಚಳ ಎಬ್ಬಿಸಿ, ಎದೆಯೆತ್ತರದ ವಾಲ್ವ್ ಚಾವಿಯನ್ನು ಗುಂಡಿಯೊಳಗೆ ಇಳಿಸಿದರು ಎಂಜಿನಿಯರ್. ಇಸ್ತ್ರಿ ಪ್ಯಾಂಟಿನ ಕಥೆ ಅಲ್ಲಿಗೆ ಮುಗಿಯಿತು. ಆದರೆ ಮನುಷ್ಯನಿಗೆ ಕೆಲಸ ಬರುತ್ತಿತ್ತು. ಸುತ್ತು ಸುತ್ತಿಗೂ ಬಾಯಲ್ಲಿ ಲೆಕ್ಕ ಹೇಳುತ್ತಿದ್ದರು. ಹನ್ನೊಂದು ದಾಟಿ ಅರ್ಧಕ್ಕೆ ಚಾವಿ ನಿಂತಿತು. ಕೆಳಗಿನ ಸದ್ದೂ ನಿಂತಿತು.

"ಹನ್ನೊಂದೂವರೆ." ಎಂಜಿನಿಯರ್ ಬೆವರು ಒರೆಸಿಕೊಂಡರು. "ಇದು ಹನ್ನೆರಡು ಸುತ್ತಿನ ವಾಲ್ವ್ ಮೇಡಂ. ಪೂರ್ತಿ ತೆರೆದು ಅರ್ಧ ಸುತ್ತು ಹಿಂದಕ್ಕೆ ತಂದಿದ್ದಾರೆ. ಇದು ಮುದುಕನ ಕೈ. ಮೊದಲ ವರ್ಷ ನಾನೂ ಅವನ ಹತ್ತಿರವೇ ಕಲಿತವನು, ನನಗೆ ಗೊತ್ತಿಲ್ವಾ?"

"ಅವರ ಚಾವಿ?"

"ನನ್ನ ಬೀರುವಿನಲ್ಲಿ, ಮೊಹರು ಹಾಕಿ ಇಟ್ಟಿದ್ದೀನಿ."

"ಮತ್ತೆ?"

"ಕಳ್ಳನಿಗೆ ಒಂದೇ ಚಾವಿ ಇರುತ್ತಾ ಮೇಡಂ?" ಎಂದು ನಕ್ಕು ಅವರು ತಮ್ಮ ಕಾರು ಹತ್ತಿ ಹೋದರು.

ಸೂಜಿಗೆ ಆ ನಗು ಹಿಡಿಸಲಿಲ್ಲ.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಅವಳ ಜೀಪು ಬಂತು. ಮೂರು ವರ್ಷದಿಂದ ಅವಳ ಜೀಪು ಓಡಿಸುತ್ತಿದ್ದ ಡ್ರೈವರ್, ನಲವತ್ತರ ಆಸುಪಾಸಿನವನು, ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ಆಫೀಸಿಗೆ ಬಿಟ್ಟರೆ ಟೀ ಕುಡಿದು ಬರುವಷ್ಟರಲ್ಲಿ ಗಂಟೆ ಹತ್ತಾಗುತ್ತಿತ್ತು.

"ಎಲ್ಲಾ ಕಡೆ ಹುಡುಕ್ಕೊಂಡು ಬಂದೆ ಮೇಡಂ. ಬಿಸಿಲಲ್ಲಿ ನಿಂತಿದ್ದೀರಿ, ತಗೊಳ್ಳಿ," ಎಂದು ನೀರಿನ ಬಾಟ್ಲಿ ಚಾಚಿದ.

ಅವಳು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡದ್ದೇ ತಡ, ಅರ್ಧ ಫೈಲು ಒದ್ದೆ.

"ಏನ್ರೀ ಇದು! ಮುಚ್ಚಳ ಬಿಗಿಯಾಗಿ ಹಾಕೋಕೆ ನಿಮಗೆ ಯಾವ ಜನ್ಮದಲ್ಲಿ ಬರುತ್ತೆ?"

"ಮರೆತುಹೋಯ್ತು ಮೇಡಂ," ಎಂದು ಅವನು ಅಂಗಿಯ ತುದಿಯಿಂದಲೇ ಫೈಲು ಒರೆಸತೊಡಗಿದ.

ಸೂಜಿ ಜೀಪು ಹತ್ತಲಿಲ್ಲ. ಹೊಸದಾಗಿ ಅಗೆದು ಮುಚ್ಚಿದ ಮಣ್ಣಿನ ಗೆರೆ ಹಿಡಿದು ನಡೆದಳು. ಗೆರೆ ಊರಿನ ಗಡಿಕಲ್ಲು ದಾಟಿತು. ಗಡಿಕಲ್ಲಿನಿಂದ ಸರಿಯಾಗಿ ಹನ್ನೆರಡು ಹೆಜ್ಜೆಗೆ ಮೊದಲ ಮನೆ. ಒಟ್ಟು ಅರವತ್ತು ಮನೆಗಳು, ತಗಡಿನ ಮಾಡು, ಗುಡಿಸಿದ ಅಂಗಳ. ಊರಿನ ಕೊಳವೆಗಳಿಗೆಲ್ಲ ಕಾಲುವೆ ತೋಡಿದ ಕೂಲಿಯವರು ಕೆಲಸ ಮುಗಿದ ಮೇಲೆ ಇಲ್ಲೇ ನೆಲೆನಿಂತಿದ್ದರು. ನಕ್ಷೆಯಲ್ಲಿ ಈ ಜಾಗದಲ್ಲಿ ಖಾಲಿ ಕಾಗದವಿದೆ.

ಒಂದೇ ಕೊಳವೆಗೆ ಎಂಟು ನಲ್ಲಿ. ಸುತ್ತ ತುಂಬಿದ ಕೊಡಗಳ ಸಾಲು. ಟ್ಯಾಂಕರು ಬಂದು ಹೋಗುವಷ್ಟು ಅಗಲದ ದಾರಿಯೂ ಅಲ್ಲಿರಲಿಲ್ಲ. ನಲ್ಲಿಗಳ ಕೆಳಗೆ ತೊಟ್ಟಿಕ್ಕುವ ಹನಿಗೂ ಒಂದೊಂದು ಬೋಗುಣಿ ಇಟ್ಟಿದ್ದರು. ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿತ್ತು: ಮನೆಗೆ ನಾಲ್ಕು ಕೊಡ, ಬಾಣಂತಿ ಇದ್ದರೆ ಐದು.

ನೀರಿನ ಸಾಲಿನಲ್ಲಿ ಜಗಳವಿಲ್ಲದ್ದನ್ನು ಸೂಜಿ ತನ್ನ ಹದಿನಾರು ವರ್ಷದ ಕೆಲಸದಲ್ಲಿ ಕಂಡದ್ದು ಇದೇ ಮೊದಲು. ಅವಳಿಗೆ ಸೋಜಿಗವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಹೊಸ್ತಿಲಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಪೆಡಲು ನಿಲ್ಲಿಸಿ ನೋಡಿದಳು.

"ಈ ನೀರು ಯಾರು ಬಿಡ್ತಾರಮ್ಮ?"

"ಯಾರೂ ಬಿಡಲ್ಲ ಅಕ್ಕಾ. ಅದೇ ಬರುತ್ತೆ, ಅದೇ ಹೋಗುತ್ತೆ."

"ದಿನಾ ಒಂಬತ್ತು ಗಂಟೆ ಏಳು ನಿಮಿಷಕ್ಕೆ? ಟ್ಯಾಂಕಿನ ಮೀಟರ್ ಹಾಗನ್ನುತ್ತೆ."

"ನಮ್ಮ ಮನೇಲಿ ಗಡಿಯಾರ ಇಲ್ಲ ಅಕ್ಕಾ," ಎಂದಳು ಟೇಲರಮ್ಮ. ಅವಳ ತಲೆಯ ಮೇಲಿನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

ಎದುರು ಮನೆಯ ಮುದುಕಿಯನ್ನು ಕೇಳಿದರೆ ಕಿವಿ ಕೇಳಿಸುವುದಿಲ್ಲವೆಂದಳು, ಅದೂ ಪ್ರಶ್ನೆ ಮುಗಿಯುವ ಮೊದಲೇ. ಉಳಿದವರು ಕೊಡ ಎತ್ತಿಕೊಂಡು ಒಳಗೆ ಹೋದರು. ಸೂಜಿ ಹಿಂತಿರುಗುವಾಗ ಟೇಲರಮ್ಮ ಮಾತ್ರ ಹಿಂದಿನಿಂದ ಕೂಗಿ ಹೇಳಿದಳು: "ಅಕ್ಕಾ, ಬೋರ್‌ವೆಲ್ ಬತ್ತಿದ ಮೇಲೆ ಒಂದೂವರೆ ಮೈಲಿ ನಡೀತಿದ್ವಿ. ನನ್ನ ಹೊಟ್ಟೇಲಿ ಏಳು ತಿಂಗಳು ಆಗ. ಅದನ್ನೂ ಬರ್ಕೊಳ್ಳಿ."

ಸೂಜಿ ನಿಂತು ಅದನ್ನೂ ಬರೆದುಕೊಂಡಳು.

* * *

ಮಧ್ಯಾಹ್ನ ಎರಡಕ್ಕೆ ಅವಳು ನೀರುಗಂಟಿ ಅಜ್ಜನ ಮನೆಯ ಬಾಗಿಲು ತಟ್ಟಿದಾಗ ತೆರೆದದ್ದು ಅವರ ಮಗಳು.

"ಇನ್ನೂ ಏನು ಬಾಕಿ ಇದೆ ಕೇಳೋಕೆ?" ಎಂದಳು, ಸೊಂಟದ ಮೇಲೆ ಕೈಯಿಟ್ಟು.

"ಒಳಗೆ ಬಿಡು ಮಗಾ. ಅವರ ಕೆಲಸ ಅವರು ಮಾಡ್ಲಿ," ಎಂದಿತು ಒಳಗಿನ ದನಿ.

ಅಜ್ಜ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಬಲಗೈಗೆ ಭುಜದಿಂದ ಬೆರಳಿನ ತನಕ ಬಿಳಿ ಕಟ್ಟು.

"ಇದೇನಜ್ಜ?"

"ಅಮಾನತಾದ ದಿನವೇ ಪಂಪ್ ಹೌಸಿನ ಮೆಟ್ಟಿಲಲ್ಲಿ ಜಾರಿದೆ ತಾಯಿ. ಮೂವತ್ತೊಂಬತ್ತು ವರ್ಷ ಜಾರದ ಮೆಟ್ಟಿಲು. ಆವತ್ತು ಕಣ್ಣು ಮಂಜಾಗಿತ್ತು, ಇಲ್ಲದಿದ್ರೆ ಬೀಳ್ತಿರಲಿಲ್ಲ."

"ಆಸ್ಪತ್ರೆ ಚೀಟಿ ಇದೆ," ಎಂದಳು ಮಗಳು. "ತಟ್ಟೆಯಿಂದ ಬಾಯಿಗೆ ಕೈ ಎತ್ತೋಕೆ ಆಗಲ್ಲ. ಆರು ದಿನದಿಂದ ನಾನೇ ತಿನ್ನಿಸ್ತಿದ್ದೀನಿ. ಇವರು ಹೋಗಿ ಕದೀತಾರಾ?"

ಹನ್ನೆರಡು ಸುತ್ತು ತಿರುಗಿಸಿದ ಕೈ ಇದಲ್ಲ. ಹಾಗಾದರೆ ಇನ್ನೊಂದು ಕೈ ಇದೆ.

ಎದುರು ಗೋಡೆಯ ತುಂಬ ಒಂದು ಹಾಳೆ ಅಂಟಿಸಿತ್ತು, ಸೂಜಿ ಅದನ್ನು ನೋಡತೊಡಗಿದಳು. ಒಂಬತ್ತು ಬೀದಿಗಳ ಕೊಳವೆಗಳು, ಪ್ರತಿ ಬೀದಿಯ ಕೊನೆಯ ಮನೆ, ಆ ಮನೆಯಲ್ಲಿ ಒಂದು ಕೊಡ ತುಂಬಲು ಹಿಡಿಯುವ ಸೆಕೆಂಡು. ಎಲ್ಲ ಪೆನ್ಸಿಲಿನಲ್ಲಿ, ಅಳಿಸಿ ಬರೆದು, ಅಳಿಸಿ ಬರೆದು ಕಾಗದ ತೆಳ್ಳಗಾಗಿತ್ತು.

"ಮೇಲ್ಬೀದಿಗೆ ಮೊದಲು ಬಿಡ್ತೀರಿ. ಯಾಕೆ?"

"ಟ್ಯಾಂಕ್ ತುಂಬಿದ್ದಾಗ ನೀರಿಗೆ ಕಸುವು ಜಾಸ್ತಿ, ದಿಬ್ಬ ಹತ್ತುತ್ತೆ. ಕೆಳಗಿನವರಿಗೆ ಕೊನೇಲಿ ಬಿಟ್ರೂ ಇಳಿದು ಹೋಗುತ್ತೆ. ನಾನು ಸೇರಿದಾಗ ತಲೆಕೆಳಗಾಗಿತ್ತು, ತಗ್ಗಿನ ದೊಡ್ಡ ಮನೆಯವರಿಗೆ ಮೊದಲು. ಇದನ್ನ ತಿರುಗಿಸೋಕೆ ನನಗೆ ನಾಲ್ಕು ವರ್ಷ, ಮೂರು ವರ್ಗಾವಣೆ ಬೇಕಾಯ್ತು."

ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿರಲಿಲ್ಲ. ಅಡುಗೆಗೆ ಉಪ್ಪು ಎಷ್ಟೆಂದು ಹೇಳುವವರ ಹಾಗೆ ಹೇಳಿದರು. ಊರಿಗೆ ಊರೇ ದಿನಾ ಬೆಳಿಗ್ಗೆ ನಲ್ಲಿ ತಿರುಗಿಸುವಾಗ ಈ ಹಾಳೆಯ ಋಣದಲ್ಲಿದೆ ಎನ್ನುವುದು ಸೂಜಿಗೆ ಅರಿವಾಯಿತು. ಅವಳು ಇದುವರೆಗೆ ಎಷ್ಟೋ ದೊಡ್ಡವರ ಕೈ ಕುಲುಕಿದ್ದಳು. ಈ ಕಟ್ಟು ಹಾಕಿದ ಕೈಗೆ ಮಾತ್ರ ಮನಸ್ಸಿನಲ್ಲೇ ನಮಸ್ಕಾರ ಮಾಡಿದಳು.

ಆದರೂ ಕೆಲಸ ಕೆಲಸವೇ. ಅವಳು ಚೀಲದಿಂದ ಪಂಪ್ ಹೌಸಿನ ದಿನಚರಿ ಪುಸ್ತಕ ತೆಗೆದಳು.

"ಅಜ್ಜ, ಕಳ್ಳ ಒಂದು ದಿನ ಹೆಚ್ಚು ಕದೀತಾನೆ, ಒಂದು ದಿನ ಕಡಿಮೆ. ಇಲ್ಲಿ ದಿನಾ ಹೋಗಿರೋದು ಇಪ್ಪತ್ತೆರಡೂವರೆ ನಿಮಿಷದ ನೀರು. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ. ಬೀದಿಗೆ ಅರ್ಧ ಗಂಟೆ ಅಂತ ನಿಯಮ. ಆರು ವಾರದಿಂದ ನೀವು ಬರೆದಿರೋದು ಇಪ್ಪತ್ತೇಳೂವರೆ ನಿಮಿಷ. ಒಂಬತ್ತು ಬೀದಿಯಿಂದ ಎರಡೂವರೆ ಎರಡೂವರೆ."

ಅಜ್ಜ ನಕ್ಕರು. "ಅಂತೂ ಒಬ್ಬರು ಓದಿದ್ರಲ್ಲ! ವಾರ ವಾರ ಸಾಹೇಬರ ಟೇಬಲ್ ಮೇಲೆ ಇಡ್ತಿದ್ದೆ. ನೋಡಿ, ಆರೂ ವಾರಕ್ಕೆ ಅವರ ಸಹಿ ಇದೆ."

ಇತ್ತು. ಉದ್ದ ಬಾಲದ ಆರು ಸಹಿಗಳು. ಈಗಿನ ಬದಲಿ ನೀರುಗಂಟಿಯೂ ಆ ಪುಸ್ತಕ ನೋಡಿಕೊಂಡೇ ಇಪ್ಪತ್ತೇಳೂವರೆಗೆ ಮುಚ್ಚುತ್ತಿದ್ದ, ಸಾಹೇಬರು ಸಹಿ ಹಾಕಿದ್ದಾರಲ್ಲ ಎಂದು.

"ಹತ್ತನೆಯದು ಗಿರಣಿ ಹಿಂದಿನ ಅರವತ್ತು ಮನೆ. ಅಲ್ವಾ?"

"ಹೌದು."

ಮಗಳು "ಅಪ್ಪಾ!" ಎಂದು ಚೀರಿದಳು. ಅಜ್ಜ ಎಡಗೈ ಎತ್ತಿ ತಡೆದರು.

"ಸುಳ್ಳು ಯಾಕೆ ಹೇಳ್ಲಿ ಮಗಾ. ಬೋರ್‌ವೆಲ್ ಬತ್ತಿದಾಗ ಹನ್ನೊಂದು ಅರ್ಜಿ ಬರ್ಕೊಟ್ಟೆ ತಾಯಿ. ನಕ್ಷೆಯಲ್ಲಿ ಇಲ್ಲದ ಜಾಗಕ್ಕೆ ನೀರಿಲ್ಲ ಅಂದ್ರು. ಊರಿನ ಕೊಳವೆಗೆ ಮಣ್ಣು ಅಗೆದವರಿಗೆ ಕುಡಿಯೋ ನೀರಿಲ್ಲ! ಒಬ್ಬರಿಂದ ಇಪ್ಪತ್ತೆರಡು ನಿಮಿಷ ತೆಗೆದ್ರೆ ಅನ್ಯಾಯ. ಒಂಬತ್ತು ಜನರಿಂದ ಎರಡೂವರೆ ತೆಗೆದ್ರೆ ಯಾರ ಗಂಟಲೂ ಒಣಗಲ್ಲ. ಮೊದಲು ಕತ್ತರಿ ಹಾಕಿದ್ದು ಸಾಹೇಬರ ಬೀದಿಗೆ. ಆರು ವಾರ ಸ್ನಾನ ಮಾಡಿದ್ದಾರೆ, ಅವರಿಗೆ ಗೊತ್ತೇ ಆಗಿಲ್ಲ."

"ಮೇಲ್ಬೀದಿಯ ಕೊನೆಯ ಮನೆಗೆ ಗೊತ್ತಾಯ್ತು. ದೂರು ಕೊಟ್ಟಿದ್ದು ಅವರೇ."

ಅಜ್ಜನ ನಗು ಮಾಯವಾಯಿತು. "ಅದು ನನ್ನ ತಪ್ಪು. ಆ ಮನೆಗೆ ಒಂದು ಕೊಡ ಕಡಿಮೆ ಬಿತ್ತು. ಒಂಬತ್ತು ಬೀದಿಯವರನ್ನ ಕೂರಿಸಿ ಕೇಳಬೇಕಿತ್ತು. ಕೇಳಿದ್ರೆ ಕೊಡ್ತಿದ್ರೇನೋ. ನಾನು ಕೇಳಲಿಲ್ಲ."

ಸೂಜಿ ಪುಸ್ತಕ ಮುಚ್ಚಿದಳು. "ಇವತ್ತೂ ನೀರು ಬಂತು ಅಜ್ಜ."

"ಆಂ?"

"ಆರು ದಿನವೂ ಬಂದಿದೆ. ಟ್ಯಾಂಕಿನ ಮೀಟರ್ ಹೇಳುತ್ತೆ. ಇವತ್ತು ನಾನೇ ಕಿವಿಯಾರೆ ಕೇಳಿದೆ. ಹನ್ನೆರಡು ಸುತ್ತು ತೆರೆದು, ಅರ್ಧ ಸುತ್ತು ಹಿಂದಕ್ಕೆ."

ಅಜ್ಜನ ಕಣ್ಣು ತುಂಬಿ ಬಂತು. ಅವರು ಕಿಟಕಿಯ ಕಡೆ ತಿರುಗಿದರು.

"ಆ ಅರ್ಧ ಸುತ್ತು ಯಾಕಜ್ಜ?"

"ಪೂರ್ತಿ ತೆರೆದು ಹಾಗೇ ಬಿಟ್ರೆ ವಾಲ್ವ್ ಕಚ್ಚಿಕೊಳ್ಳುತ್ತೆ, ಮುಚ್ಚೋವಾಗ ಹಟ ಮಾಡುತ್ತೆ. ಅರ್ಧ ಸುತ್ತು ಉಸಿರಾಡೋಕೆ ಬಿಡಬೇಕು. ಆಮೇಲಾಮೇಲೆ ಅದು ಕೈಗೇ ಅಂಟಿಬಿಡುತ್ತೆ. ಏನು ತಿರುಗಿಸಿದ್ರೂ ಕೊನೆ ಮುಟ್ಟಿ ಅರ್ಧ ಹಿಂದಕ್ಕೆ ಬರುತ್ತೆ ಕೈ. ಉಪ್ಪಿನ ಡಬ್ಬಿ ಮುಚ್ಚಿದ್ರೂ ಹಾಗೇ. ಇವಳು ದಿನಾ ಬೈತಾಳೆ."

"ಯಾರಿಗೆ ಕಲಿಸಿದ್ರಿ?"

"ಬಹಳ ಜನಕ್ಕೆ."

"ಈಗ ತೆರೀತಿರೋದು ಯಾರು ಅಂತ ನಿಮಗೆ ಗೊತ್ತಾಯ್ತು. ನಿಮ್ಮ ಮುಖ ಹೇಳುತ್ತೆ."

"ಮುಖ ಏನು ಬೇಕಾದ್ರೂ ಹೇಳ್ಲಿ. ಬಾಯಿ ಹೇಳಲ್ಲ."

"ಅಜ್ಜ!" ಸೂಜಿಗೆ ಸಿಟ್ಟೇ ಬಂತು. "ಆ ಹೆಸರು ನನಗೆ ಸಿಕ್ಕಿದ್ರೆ, ನಿಮ್ಮೊಬ್ಬರದೇ ಕಳವು ಅನ್ನೋ ಆರೋಪ ನಿಲ್ಲಲ್ಲ. ಆ ಮನುಷ್ಯ ಬಂದು ಟ್ಯಾಂಕರಿಗಲ್ಲ, ಕುಡಿಯೋಕೆ ಅಂತ ಸಾಕ್ಷಿ ಹೇಳಿದ್ರೆ ನಿಮ್ಮ ಪಿಂಚಣಿ ಉಳಿಯುತ್ತೆ. ಹೇಳದಿದ್ರೆ ನಾಲ್ಕು ಗಂಟೆಗೆ ನಾನು ಬರೀಬೇಕಾಗಿರೋದು ಒಂದೇ ಹೆಸರು."

"ಬರೀರಿ. ನಿಜ ತಾನೇ? ನನಗೆ ಉಳಿದಿರೋದು ಇಪ್ಪತ್ತೊಂಬತ್ತು ದಿನ. ಅವನಿಗೆ ಇನ್ನೂ ಇಪ್ಪತ್ತು ವರ್ಷ ಸರ್ವಿಸಿದೆ."

ಹೇಳಿದ್ದೇ ಅಜ್ಜ ನಾಲಗೆ ಕಚ್ಚಿಕೊಂಡರು.

ಸರ್ವಿಸ್. ಅಂದರೆ ಆಫೀಸಿನವನೇ.

* * *

ಸೂಜಿ ಜೀಪು ಹತ್ತಿದಳು. ತೊಡೆಯ ಮೇಲೆ ವರದಿ, ಕೊನೆಯ ಸಾಲು ಮಾತ್ರ ಖಾಲಿ. ಆಫೀಸಿನ ಒಬ್ಬೊಬ್ಬರನ್ನೇ ನೆನೆದಳು. ಬದಲಿ ನೀರುಗಂಟಿ? ಅವನು ಆ ಹೊತ್ತಿಗೆ ಪಂಪ್ ಹೌಸಿನಲ್ಲಿ ಹಾಜರಿ ಹಾಕಿರುತ್ತಾನೆ. ಮೀಟರ್ ಓದುವವನು? ಅವನಿಗೆ ಬೆನ್ನುನೋವು, ಪೆನ್ನಿಗಿಂತ ಭಾರದ್ದು ಎತ್ತಿದವನಲ್ಲ.

ಮೂರೂವರೆಗೆ ಜೀಪು ಕಚೇರಿಯ ಅಂಗಳದಲ್ಲಿ ನಿಂತಿತು.

"ಮೇಡಂ, ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ ನೀವು," ಎಂದ ಡ್ರೈವರ್. ಅಂಗಳದ ನಲ್ಲಿಯಲ್ಲಿ ಬಾಟ್ಲಿ ತುಂಬಿಸಿ ತಂದ. ಬೈಸಿಕೊಂಡದ್ದು ನೆನಪಿತ್ತೇನೋ, ಈ ಸಲ ಮುಚ್ಚಳವನ್ನು ಬಿಗಿಯಾಗಿ, ಕೊನೆ ಮುಟ್ಟುವ ತನಕ ತಿರುಗಿಸಿದ.

ಆಮೇಲೆ ಅವನ ಕೈ, ಅವನನ್ನು ಕೇಳದೆಯೇ, ಅರ್ಧ ಸುತ್ತು ಹಿಂದಕ್ಕೆ ಬಂತು.

ಸೂಜಿ ಆ ಕೈಯನ್ನೇ ನೋಡುತ್ತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ! ಬೆಳಿಗ್ಗೆ ಎಂಜಿನಿಯರ್ ಕಾರಿನಲ್ಲಿ ಗಿರಣಿ ಹಿಂದೆ ಹೋಗುವುದನ್ನು ಅವಳು ಆಫೀಸಿನಲ್ಲಿ ಬೇರೆ ಒಬ್ಬರಿಗೂ ಹೇಳಿರಲಿಲ್ಲ. ಇವನು ನೇರ ಅಲ್ಲಿಗೇ ಬಂದಿದ್ದ.

"ಡ್ರೈವರ್ ಆಗೋ ಮುಂಚೆ ಏನು ಕೆಲಸ ಮಾಡ್ತಿದ್ರಿ?"

ಬಾಟ್ಲಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಅಜ್ಜನ ಹತ್ತಿರ ಹೆಲ್ಪರ್ ಆಗಿದ್ದೆ ಮೇಡಂ. ಐದು ವರ್ಷ."

"ಮನೆ ಎಲ್ಲಿ ನಿಮ್ಮದು?" ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಗಡಿಕಲ್ಲಿನಿಂದ ಹನ್ನೆರಡು ಹೆಜ್ಜೆ. ಹೊಲಿಗೆ ಮಿಷನ್ ಇಟ್ಕೊಂಡಿದ್ದಾಳಲ್ಲ, ಅವಳು ನನ್ನ ಹೆಂಡ್ತಿ."

ಅವನು ಹಿಂದಿನ ಸೀಟಿನ ಕೆಳಗೆ ಕೈ ಹಾಕಿ, ಗೋಣಿಚೀಲ ಸುತ್ತಿದ ಉದ್ದನೆಯ ಕಬ್ಬಿಣದ ಚಾವಿಯನ್ನು ಹೊರಗೆಳೆದು ಅವಳ ಕಾಲ ಬಳಿ ಇಟ್ಟ.

"ನನ್ನ ಹೆಸರೇ ಬರೀರಿ ಮೇಡಂ. ಅಜ್ಜನ ಪಿಂಚಣಿ ಉಳೀಲಿ. ನನ್ನದೊಂದೇ ಮಾತು. ನಾಳೆ ಬೆಳಿಗ್ಗೆ ಯಾರು ತೆರೀತಾರೆ ಅನ್ನೋದನ್ನೂ ಬರೀರಿ."

ಸೂಜಿ ನೀರು ಕುಡಿಯಲಿಲ್ಲ, ಮುಚ್ಚಳ ಮುಟ್ಟಲೂ ಇಲ್ಲ. ಬಾಟ್ಲಿ, ಪುಸ್ತಕ, ಫೈಲು, ಚಾವಿ ನಾಲ್ಕನ್ನೂ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಸಭಾಂಗಣದಲ್ಲಿ ವಿಚಾರಣಾ ಸಮಿತಿಯ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಆಗಲೇ ಕನ್ನಡಕ ಏರಿಸಿ ಕೂತಿದ್ದರು. ಪಕ್ಕದಲ್ಲಿ ಹೊಸ ಪ್ಯಾಂಟು ತೊಟ್ಟ ಎಂಜಿನಿಯರ್. ಹಿಂದಿನ ಬೆಂಚಿನಲ್ಲಿ ಮಗಳ ಆಸರೆಯಲ್ಲಿ ಅಜ್ಜ. ಡ್ರೈವರ್ ಬಾಗಿಲಲ್ಲೇ ನಿಂತ.

"ವರದಿ?" ಎಂದರು ಅಧ್ಯಕ್ಷೆ.

ಸೂಜಿ ದಿನಚರಿ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. "ನೀರು ಎಲ್ಲಿಗೆ ಹೋಯ್ತು ಅಂತ ಕೇಳ್ತಿದ್ದೀರಿ. ಅರವತ್ತು ಮನೆಗೆ ಕುಡಿಯೋಕೆ ಹೋಗಿದೆ, ಟ್ಯಾಂಕರಿಗೆ ಒಂದು ಹನಿಯೂ ಹೋಗಿಲ್ಲ. ಎಷ್ಟು, ಯಾರಿಂದ ಅಂತ ಅಜ್ಜ ದಿನಾ ಬರೆದಿದ್ದಾರೆ. ಕೆಳಗೆ ಎಂಜಿನಿಯರ್ ಸಾಹೇಬರ ಸಹಿ ಇದೆ, ಆರು ಕಡೆ."

ಎಂಜಿನಿಯರ್ ಮುಖ ಸುಣ್ಣ ಬಳಿದ ಹಾಗಾಯಿತು. "ಅದು... ಸಹಿ ಬೇರೆ, ಕಳವು ಬೇರೆ! ಇವತ್ತು ಬೆಳಿಗ್ಗೆ ತೆರೆದದ್ದು ಯಾರು? ಆ ಎರಡನೇ ಚಾವಿ ಎಲ್ಲಿ?"

"ಇಲ್ಲಿದೆ." ಮೇಜಿನ ಮೇಲೆ ಕಬ್ಬಿಣ ಠಣ್ ಎಂದಿತು. ಸೂಜಿ ಉಸಿರೆಳೆದುಕೊಂಡಳು. ಮುಂದೆ ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಇದು ಇಷ್ಟು ದಿನ ನನ್ನ ಜೀಪಿನಲ್ಲೇ ಇತ್ತು."

ಅಧ್ಯಕ್ಷೆ ಕನ್ನಡಕ ತೆಗೆದರು. ಹಿಂದಿನ ಬೆಂಚಿನಲ್ಲಿ ಅಜ್ಜ ಎದ್ದು ನಿಂತರು.

ಎಂಜಿನಿಯರ್ ಬಾಯಿ ಒಣಗಿತ್ತು. ಸೂಜಿ ಮೇಜಿನ ಮೇಲಿಟ್ಟಿದ್ದ ಬಾಟ್ಲಿಗೇ ಕೈ ಚಾಚಿದರು. ಮುಚ್ಚಳ ಬಿಗಿಯಾಗಿರುತ್ತದೆಂದು ಬೆರಳಿಗೆ ಬಲ ಕೊಟ್ಟರು. ಬಲ ಬೇಕಾಗಲೇ ಇಲ್ಲ.

ಅವರು ತಡೆದರು. ಮುಚ್ಚಳವನ್ನು ಮತ್ತೆ ಕೊನೆ ಮುಟ್ಟುವ ತನಕ ಬಿಗಿದರು, ಅಳೆಯುವವರ ಹಾಗೆ, ನಿಧಾನವಾಗಿ. ಸರಿಯಾಗಿ ಅರ್ಧ ಸುತ್ತು. ಮೊದಲ ವರ್ಷ ಅಜ್ಜನ ಹತ್ತಿರ ಕಲಿತ ಆ ಕೈಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಅವರ ಕಣ್ಣು ಬಾಟ್ಲಿಯಿಂದ ಸೂಜಿಗೆ ಹೋಯಿತು, ಸೂಜಿಯಿಂದ ಬಾಗಿಲಿಗೆ. ಬಾಗಿಲಲ್ಲಿ ಡ್ರೈವರ್ ನಿಂತಿದ್ದ.

ಎಂಜಿನಿಯರ್ ನೀರು ಕುಡಿಯಲಿಲ್ಲ. ತೆರೆದದ್ದು ಯಾರೆಂದು ಮತ್ತೆ ಕೇಳಲೂ ಇಲ್ಲ.